ಬಂದವರ ಜೋಡಿ ನಮ್ಮತ್ತಿನೂ ಹಂಪಿ ನೋಡಿದ್ರು

ಡಿಸೆಂಬರ್ ಬಂತಂದ್ರ ಹೊಸಪೇಟಿಯಾಗ ಮನಿ ಇದ್ದವರಿಗೆಲ್ಲ ಗೊತ್ತೈತಿ, ಫೋನ್ ಬರಾಕ ಸುರು ಆಗ್ತಾವ. "ಹುಡುಗ್ರಿಗೆ ರಜಾ ಐತಿ, ಹಂಪಿ ನೋಡಿಲ್ಲ, ಬರ್ತೀವಿ." ಬರ್ರಿ ಅಂತೀವಿ. ಹಂಪಿಯಿಂದ 13 ಕಿಲೋಮೀಟರಿನಾಗ ಮನಿ ಇಟ್ಕೊಂಡು ಬ್ಯಾಡ ಅನ್ನಾಕ ಬರ್ತತೇನು? ಅಟ್ಟದ ಮ್ಯಾಲಿನ ಹಾಸಿಗಿ ಇಳಿಸಿ ಬಿಸಿಲಿಗೆ ಹಾಕೋದು, ಹಿಂದಿನ ದಿನಾನ ರೊಟ್ಟಿ ಬಡಿದು ಇಡೋದು, ಬಂದವರನ್ನ ಕಾರಿಗೆ ಹತ್ತಿಸೋದು, ಸಂಜಿಗೆ ಅವರು ಕಾಲು ನೋವು ಅಂತ ಬಂದು ಬಿದ್ರ ಬಿಸಿನೀರು ಕಾಸೋದು. ನಮ್ಮ ಪಾಲಿನ ಹಂಪಿ ಇಷ್ಟು.

ಬುತ್ತಿ ಕಟ್ಟೋ ಕೆಲಸ ಮಾತ್ರ ನಮ್ಮತ್ತಿದು. ನನ್ನ ಕೈಯಾಗ ಕೊಡಂಗೇ ಇಲ್ಲ. ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ, ಎಣಗಾಯಿ, ಹಾಲು ಜಾಸ್ತಿ ಹಾಕಿದ ಮೊಸರನ್ನ. ಮಧ್ಯಾಹ್ನಕ್ಕ ಹುಳಿ ಆಗಬಾರದು ಅಂತ ಹಾಲು. ಈ ಮನಿಗೆ ಸೊಸಿ ಆಗಿ ಬಂದಾಗಿಂದ ಕಟ್ಟಾಕತ್ಯಾರ. ಬರ್ರಿ ಅತ್ತಿ ಅಂದ್ರ, "ಹೋಗ್ರಿ ಹೋಗ್ರಿ, ನಾ ನೋಡೀನಿ ಬಿಡ್ರಿ" ಅಂತಿದ್ರು. ನಾನೂ ಖರೇ ಅಂತ ತಿಳಕೊಂಡಿದ್ದೆ.

ಡ್ಯಾಮಿನ ಗೇಟ್ ಕಿತ್ತ್ಹೋದ ವರ್ಷ, ಅಂದ್ರ 2024ರ ಡಿಸೆಂಬರಿನಾಗ, ಪುಣೆದಿಂದ ನಮ್ಮ ನಾದಿನಿ ಬಂದಿದ್ಲು, ಗಂಡ ಮಕ್ಕಳ ಜೋಡಿ. ರಾತ್ರಿ ಊಟ ಆದ ಮ್ಯಾಲೆ ಅಕಿ ಮಗಳು, ಒಂಬತ್ತು ವರ್ಷದ್ದು, ಐವತ್ತು ರೂಪಾಯಿ ನೋಟು ಹಿಡ್ಕೊಂಡು ಅಡಗಿಮನಿಗೆ ಬಂತು. "ಅಜ್ಜಿ, ಈ ತೇರು ನಮ್ಮ ಮನಿಯಷ್ಟು ಎತ್ತರ ಐತೇನು?"

ಅತ್ತಿ ಬದ್ನಿಕಾಯಿ ಸೀಳಾಕತ್ತಿದ್ರು. ತಲಿ ಎತ್ತಲಿಲ್ಲ. "ನನಗೇನು ಗೊತ್ತವ್ವ. ನಾ ಎಲ್ಲಿ ನೋಡೀನಿ."

ನಾನೂ ನಾದಿನಿನೂ ಒಬ್ರ ಮುಖ ಒಬ್ರು ನೋಡ್ಕೊಂಡ್ವಿ. "ಯವ್ವಾ, ಕಲ್ಲಿನ ತೇರು ನೋಡಿಲ್ಲೇನು ನೀನು?" ಅಂತ ಅಕಿ ಕೇಳಿದ್ಲು. ಆಗ ಒಂದೊಂದಾ ಹೊರಗ ಬಂತು. ಮೊದಲ ಸಲ ಎಲ್ಲಾರೂ ಹೋದಾಗ ಅತ್ತಿ ಏಳು ತಿಂಗಳ ಬಸುರಿ. ಆಮ್ಯಾಲ ಮಾವನವರ ತಾಯಿ ಹಾಸಿಗಿ ಹಿಡಿದ್ರು. ಆಮ್ಯಾಲ ಮಕ್ಕಳ ಸಾಲಿ, ಆಮ್ಯಾಲ ಮಂಡಿನೋವು. "ಹಂಪಿಗೆ ಹೋಗಿಲ್ಲೇನು ಹಂಗಂದ್ರ? ವಿರೂಪಾಕ್ಷಗ ಎಷ್ಟು ಸಲ ಹೋಗೀನಿ, ತೇರಿಗೆ ಹೋಗೀನಿ, ನಿನ್ನ ಜವಳಾನೂ ಅಲ್ಲೇ ತೆಗೆಸಿದ್ದು. ವಿಠ್ಠಲನ ಗುಡಿಯಾಗ ದೇವರಾ ಇಲ್ಲ. ದೇವರಿಲ್ಲದ ಗುಡಿಗೆ ಯಾರು ಕರ್ಕೊಂಡು ಹೋಗ್ತಾರ?"

ಇದು ಅತ್ತಿ ಒಬ್ರದಾ ಕತಿ ಅಲ್ಲ ನೋಡ್ರಿ. ನಮ್ಮ ಓಣಿಯಾಗ ಕೇಳಿ ನೋಡಿದೆ. ವಯಸ್ಸಾದ ಹೆಣ್ಣುಮಕ್ಕಳು ಹಂಪಿಗೆ ಹೋಗೋದು ಹರಕಿಗೆ, ಮದುವಿಗೆ, ಜಾತ್ರಿಗೆ. ಪೂಜಿ ಇದ್ದಲ್ಲಿಗೆ ಅಷ್ಟ. 1986ರಿಂದ ಜಗತ್ತಿನ ಮಂದಿ ಎಲ್ಲ ವಿಮಾನ ಹತ್ತಿ ನೋಡಾಕ ಬರೋ ಜಾಗ ಅನಿಸ್ಕೊಂಡೈತಿ, ನಮ್ಮ ಮನಿಯವರು ಬಸ್ ಹತ್ತಿಲ್ಲ.

ಮರುದಿನ ಬುತ್ತಿ ಕಟ್ಟಲಿಲ್ಲ. ಅತ್ತಿ ಗೊಣಗಿದ್ರು, ಆದ್ರೂ ಇಳಕಲ್ ಸೀರಿ ಉಟ್ಕೊಂಡು ನಮಗಿಂತ ಮೊದಲು ಕಾರಿನ ಮುಂದ ನಿಂತಿದ್ರು.

ವಯಸ್ಸಾದವರನ್ನ ಕರ್ಕೊಂಡು ಹೋಗೋರು ಇದನ್ನ ನೆನಪಿಟ್ಕೊಳ್ರಿ. ವಿಠ್ಠಲ ಗುಡಿಗೇ ಮೊದಲು ಹೋಗ್ರಿ, ಬಾಗಿಲು ತೆರೆಯೋ ಹೊತ್ತಿಗೇ. ಗಾಡಿ ನಿಲ್ಲಿಸೋ ಜಾಗದಿಂದ ಗುಡಿ ಒಂದು ಕಿಲೋಮೀಟರ್ ಮ್ಯಾಲೆ ಐತಿ. ಬ್ಯಾಟರಿ ಗಾಡಿ ಇರ್ತಾವ, ಆದ್ರ ರಜಾದಾಗ ಹತ್ತು ಗಂಟಿ ದಾಟಿತಂದ್ರ ಪಾಳಿ ಹನುಮಪ್ಪನ ಬಾಲ. ನಾವು ಹತ್ತಿದ ಗಾಡಿ ಒಬ್ಬ ಹುಡುಗಿ ನಡೆಸಾಕತ್ತಿದ್ಲು, ಅತ್ತಿ ಅಕೀನ್ನ ನೋಡ್ಕೋತಾನ ಕುಂತ್ರು. ಟಿಕೀಟು ತಲಿಗೆ 40 ರೂಪಾಯಿ, ಸಣ್ಣ ಮಕ್ಕಳಿಗಿಲ್ಲ. ಆ ಚೀಟಿ ಒಗೀಬ್ಯಾಡ್ರಿ, ಅದೇ ದಿನ ಕಮಲ ಮಹಲಿಗೂ ಕಮಲಾಪುರದ ಮ್ಯೂಸಿಯಮ್ಮಿಗೂ ಅದೇ ನಡೀತತಿ. ಬಿಸಿಲಾಗ ಕಲ್ಲು ಕಾದು ಹಂಚಾಗ್ತತಿ, ಕಾಲಿಗೆ ಸಾಕ್ಸ್ ಇರಲಿ.

ತೇರಿನ ಮುಂದ ಅತ್ತಿ ಬಾಳ ಹೊತ್ತು ನಿಂತ್ರು. ಮೊಮ್ಮಗಳು ನೋಟು ಹಿಡಿದು ಜೋಡಿಸಿ ನೋಡ್ತು. ಸುತ್ತ ಕಟ್ಟ್ಯಾರ, ಹತ್ತಿರ ಹೋಗಿ ಗಾಲಿ ಮುಟ್ಟಂಗಿಲ್ಲ. ಒಳಗ ಗರುಡ ಇದ್ದದ್ದು, ತೇರಿನ ಆಕಾರದ ಗರುಡನ ಗುಡಿ ಇದು ಅಂತ ಓದಿ ಹೇಳಿದೆ. "ಹಂಗಾದ್ರ ಎಳೆಯೋ ತೇರಲ್ಲ," ಅಂದ್ರು. "ಎಳೆಯಂಗಿಲ್ಲಂದ್ರೂ ಎಷ್ಟು ಚಂದ ಮಾಡ್ಯಾರ ನೋಡು." ಸಂಗೀತದ ಕಂಬ ಬಾರಿಸಾಕ ಬಿಡಂಗಿಲ್ಲ, ಅದರ ಬಗ್ಗೆ ನಾ ಹೆಚ್ಚು ಹೇಳಂಗಿಲ್ಲ. ಬಾರಿಸಿ ಬಾರಿಸಿ ಮಂದೀನ ಹಾಳು ಮಾಡಿದ್ದು.

ನನಗೆ ನೆನಪು ಉಳಿದಿದ್ದು ಬ್ಯಾರೇನ. ಉಗ್ರನರಸಿಂಹನ ಮುಂದ ನಿಂತು ನಾವೆಲ್ಲ ಕತ್ತು ಎತ್ತಿ ನೋಡಾಕತ್ತಿದ್ವಿ, ಆರೂವರೆ ಮೀಟರ್ ಮ್ಯಾಲೆ ಎತ್ತರ, ಒಂದೇ ಕಲ್ಲು, ಕೃಷ್ಣದೇವರಾಯ 1528ರಾಗ ಮಾಡಿಸಿದ್ದು. ತಿರುಗಿ ನೋಡಿದ್ರ ಅತ್ತಿ ಇಲ್ಲ. ಬಾಜೂಕ ಬಡವಿಲಿಂಗದ ಗುಡಿ ಬಾಗಿಲದಾಗ ಬಗ್ಗಿ ನೀರು ನೋಡಾಕತ್ತಿದ್ರು. ಆ ಲಿಂಗ ಯಾವಾಗ್ಲೂ ನೀರಾಗ ಇರ್ತತಿ, ಒಬ್ಬ ಬಡವಿ ಮಾಡಿಸಿದ್ದಂತ. "ಈ ನೀರು ಎಲ್ಲಿಂದ ಬರ್ತತಿ?" ಅಂತ ಕೇಳಿದ್ರು. ಕಾಲುವಿದು ಅಂದೆ. ಅಷ್ಟ ಸಾಕಾತು. ಅಲ್ಲಿಂದ ಮುಂದ ಅವರು ನೋಡಿದ್ದೆಲ್ಲ ಕಾಲುವಿ. ಬಾಳಿತೋಟಕ್ಕ ತುರ್ತಾ ಕಾಲುವಿ ನೀರು ಹೆಂಗ ತಿರುಗಿಸ್ಯಾರ, ಮಡಿ ಹೆಂಗ ಕಟ್ಯಾರ. "ನಮ್ಮ ಕಂಪ್ಲಿ ಕಾಲುವಿನೂ ರಾಯರ ಕಾಲದ್ದಾ. ನಮ್ಮಪ್ಪ ಅದರ ನೀರಿನಾಗ ಭತ್ತ ಬೆಳದಾನ. ಗುಡಿ ಪಾಳು ಬಿದ್ದಾವ, ಕಾಲುವಿ ಇನ್ನಾ ಹರಿಯಾಕತ್ತೈತಿ ನೋಡು." ಹೊಸಪೇಟಿಯಾಗ ರಾಯ ಕಾಲುವಿ, ಬಸವ ಕಾಲುವಿ ದಿನಾ ದಾಟ್ತೀನಿ ನಾನು. ಒಂದಿನಾನೂ ಇದು ನೋಡೋ ಜಾಗ ಅಂತ ಅನಿಸಿರಲಿಲ್ಲ.

ಸಂಜಿಗೆ ಡ್ಯಾಮ್. ಹುಡುಗ್ರಿಗೆ ಕಾರಂಜಿ ಬೇಕು, ದೊಡ್ಡವರಿಗೆ ಮಿರ್ಚಿ ಬೇಕು. ಅತ್ತಿ ದೂರದಿಂದ ಗೇಟ್ ಎಣಿಸಾಕತ್ತಿದ್ರು. 33 ಅದಾವ. ಆ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನು ಕಡಿದು ಗೇಟು ಕೊಚ್ಚಿ ಹೋದಾಗ ಇವರು ಮಲಗಿರಲಿಲ್ಲ, ಕಂಪ್ಲಿ ಕೋಟ್ಯಾಗಿರೋ ತಮ್ಮಗ ತಾಸಿಗೊಮ್ಮೆ ಫೋನ್. ಇಲ್ಲಿ ನೀರು ಜಾಸ್ತಿ ಬಿಟ್ರ ಅಲ್ಲಿ ಗಂಗಾವತಿಗೆ ಹೋಗೋ ಸೇತುವಿ ಮುಳುಗ್ತತಿ, ಕೋಟಿಗೆ ನೀರು ಹೊಕ್ತತಿ. ಒಂದು ವಾರದಾಗ ತಾತ್ಕಾಲಿಕ ಗೇಟು ಕೂಡಿಸಿದ್ರು, ಅಲ್ಲಿತನಕ ನಮ್ಮ ಮನಿಯಾಗ ಟಿವಿ ಆರಿಸಿಲ್ಲ.

ಎರಡನೇ ದಿನ ಸಂಡೂರು. ಕೆಂಪು ಧೂಳು, ಅದಿರಿನ ಲಾರಿ ದಾಟಿದ್ರ ಗುಡ್ಡ ತಂಪು. ಗಾಂಧೀಜಿ 1934ರಾಗ ಬಂದಿದ್ರು, ಸೆಪ್ಟೆಂಬರಿನಾಗ ಸಂಡೂರು ನೋಡಬೇಕು ಅಂದ್ರು ಅಂತ ಹೇಳ್ತಾರ. ನಾವು ಹೋದದ್ದು ಡಿಸೆಂಬರಿನಾಗ, ಹಸಿರು ಒಣಗಾಕ ಹತ್ತಿತ್ತು. ಲಂಬಾಣಿ ಅಕ್ಕಂದಿರ ಕಸೂತಿ ತಗೊಂಡ್ವಿ. ಆಮ್ಯಾಲ ಕುಮಾರಸ್ವಾಮಿ ಗುಡಿ.

ಅಲ್ಲಿ ಹಿಂದಿಂದ ಒಂದು ಪದ್ಧತಿ ಐತಿ, ಹೆಣ್ಣುಮಕ್ಕಳು ಕುಮಾರಸ್ವಾಮಿ ದರ್ಶನ ಮಾಡಂಗಿಲ್ಲ, ಬಾಜೂಕಿರೋ ಪಾರ್ವತಿ ಗುಡಿಗೆ ಕೈ ಮುಗಿದು ಬರಬೇಕು. ಗಂಡಸರು ಒಳಗ ಹೋದ್ರು. ನಾವು ನಾಲ್ಕು ಮಂದಿ ಪಾರ್ವತಿ ಹತ್ರ. ಹುಡುಗಿ ಬಿಡಲಿಲ್ಲ, ಯಾಕಂತ ಕೇಳ್ತು. ಕುಮಾರಗ ತಾಯಿ ಮ್ಯಾಲೆ ಸಿಟ್ಟು ಬಂದು, ಕುಡಿದ ಎದಿಹಾಲು ಕಕ್ಕಿ, ಹೆಣ್ಣಿನ ಮುಖ ನೋಡಂಗಿಲ್ಲ ಅಂತ ಬಂದು ಕುಂತಾನ ಅಂತ ಅತ್ತಿ ಕತಿ ಹೇಳಿದ್ರು. "ಅಮ್ಮನ ಮ್ಯಾಲೆ ಸಿಟ್ಟಾದ್ರ ನನ್ನನ್ಯಾಕ ಬಿಡಂಗಿಲ್ಲ?" ಅಂತು ಅದು. ಅತ್ತಿ ಉತ್ತರ ಕೊಡಲಿಲ್ಲ. 1932ರಾಗಾ ಸಂಡೂರಿನ ಅರಸರು ಈ ಗುಡೀನ ಎಲ್ಲಾ ಜಾತಿಯವರಿಗೂ ತೆರೆದಿದ್ರು, ದೇಶದಾಗ ಬಾಳ ಕಡೆ ಅದು ಇಲ್ಲದ ಕಾಲದಾಗ. ದೊಡ್ಡ ಮಾತು ಅದು. ಎಲ್ಲಾರು ಅನ್ನೋದ್ರಾಗ ನಾವು ಬಂದಿಲ್ಲ ಅಷ್ಟ. ನಾ ಇಲ್ಲಿ ಜಗಳ ತೆಗೀತಿಲ್ಲ, ನಿಮ್ಮಲ್ಲಿ ನಡ್ಕೊಳ್ಳೋರು ಬಾಳ ಮಂದಿ ಇದ್ದೀರಿ. ಆದ್ರ ಆ ಕೂಸಿನ ಪ್ರಶ್ನೆಗೆ ನನ್ನ ಹತ್ರಾನೂ ಉತ್ತರ ಇರಲಿಲ್ಲ. ಅತ್ತಿ ಒಂದಾ ಮಾತು ಅಂದ್ರು, ಪಾರ್ವತಿ ಕಡೆ ನೋಡ್ಕೋತ: "ಮಗ ಅಲ್ಲೇ ಅದಾನ, ಅಕಿ ಇಲ್ಲೇ ಕುಂತಾಳ."

ವಾಪಸ್ ಬರೋವಾಗ ಮೂರನೇ ದಿನದ ಮಾತು ಬಂತು. ಆನೆಗೊಂದಿ, ಅಂಜನಾದ್ರಿ ಅಂತ ಅಳಿಯಂದಿರು ಅಂದ್ರು. 575 ಮೆಟ್ಟಲು, ಅತ್ತಿಗೆ ಆಗಂಗಿಲ್ಲ. ಆಗ ಅತ್ತಿ ಹಿಂದಿನ ಸೀಟಿನಿಂದ, "ಕಂಪ್ಲಿಗೆ ಹೋಗೋಣು" ಅಂದ್ರು. ಅಳಿಯಂದಿರು ನಕ್ಕು, "ಕಂಪ್ಲಿಯಾಗ ನೋಡಾಕ ಏನೈತ್ರಿ?" ಅಂದುಬಿಟ್ರು. ಕೆಟ್ಟ ಮನಸಿನಿಂದ ಅಲ್ಲ ಬಿಡ್ರಿ. ಅತ್ತಿ ಸುಮ್ಮನಾದ್ರು. ನಾದಿನಿನಾ ಗಂಡಗ, "ನಮ್ಮವ್ವ ಐತಲ್ಲ, ತೋರಿಸ್ತತಿ" ಅಂದ್ಲು.

ತೋರಿಸಿದ್ರು. ಹೊಳಿ ದಂಡಿ ಮ್ಯಾಲಿನ ಕೋಟಿ, ದೊಡ್ಡ ಬುಟ್ಟಿಯಂಗಿರೋ ಹರಗೋಲು, ಆ ವರ್ಷದ ನೀರು ಗ್ವಾಡಿ ಮ್ಯಾಲೆ ಬಿಟ್ಟ ಗುರುತು. ವಿಜಯನಗರಕ್ಕಿಂತ ಮೊದಲಾ ಇಲ್ಲಿ ಕಂಪಿಲರಾಯ ಆಳಿದ್ದು, ಅವನ ಮಗ ಗಂಡುಗಲಿ ಕುಮಾರರಾಮ ದಿಲ್ಲಿ ತುಘಲಕನ ದಂಡಿನ ಎದುರು ನಿಂತಿದ್ದು. ಮಲತಾಯಿ ರತ್ನಾಜಿ ಕತೀನ ಅತ್ತಿ ಅರ್ಧಾ ಗಂಟಿ ಹೇಳಿದ್ರು, ಅಳಿಯಂದಿರು ಫೋನ್ ಕಿಸೆಯಾಗ ಇಟ್ಟು ಕೇಳಿದ್ರು. (ರತ್ನಾಜಿ ಮ್ಯಾಲೆ ಎಲ್ಲಾ ತಪ್ಪು ಹಾಕ್ತಾರ, ಹರೇದ ಹುಡುಗೀನ ಮುದುಕಗ ಕಟ್ಟಿದವರ ಸುದ್ದಿ ಯಾರೂ ಎತ್ತಂಗಿಲ್ಲ ಅಂತ ನಂದೊಂದು ತಕರಾರು.) ತಮ್ಮನ ಮನಿಯಾಗ ಊಟ. ಅತ್ತಿ ಕುಂತು ಉಂಡ್ರು, ಬಡಿಸಾಕ ಎದ್ದಿಲ್ಲ.

ಈ ಸಲ ನಾದಿನಿ ಬೀಗರಿಂದ ಫೋನ್ ಬಂದಾಗ ಅತ್ತೀನಾ ತಗೊಂಡ್ರು. "ಬರ್ರಿ. ವಿಠ್ಠಲ ಗುಡಿಗೆ ಮುಂಜಾನೆ ಹೋಗಬೇಕು, ಪಾಳಿ ಆಗ್ತತಿ. ಕಂಪ್ಲಿಗೆ ಒಂದು ದಿನ ಇಟ್ಕೊಳ್ರಿ. ಬುತ್ತಿ ಕಟ್ಟಂಗಿಲ್ಲ ನಾನು, ಹೊರಗಾ ಒಗ್ಗರಣಿ ಮಿರ್ಚಿ ತಿನ್ನೋಣು." ಆಮ್ಯಾಲ ಫೋನಿಗೆ ಕೈ ಅಡ್ಡ ಹಿಡಿದು ನನ್ನ ಕೇಳಿದ್ರು, "ಆ ಸಾಕ್ಸ್ ಎಲ್ಲಿಟ್ಟಿ?"