ಮೇಕನ್‌ನ ರೋಸ್ ಹಿಲ್

ಅಮೆರಿಕದ ಜಾರ್ಜಿಯಾ ರಾಜ್ಯದ ಮೇಕನ್ ಪಟ್ಟಣದಲ್ಲಿ, ಓಕ್ಮಲ್ಗಿ ನದಿಯ ದಂಡೆಯ ಇಳಿಜಾರಿನಲ್ಲಿ ರೋಸ್ ಹಿಲ್ ಸ್ಮಶಾನವಿದೆ. 1969ರಲ್ಲಿ ಈ ಊರಿಗೆ ಬಂದ ‘ಆಲ್ಮನ್ ಬ್ರದರ್ಸ್’ ರಾಕ್ ತಂಡದ ಹುಡುಗರಿಗೆ ಇದು ಮೆಚ್ಚಿನ ತಾಣ. ಇಲ್ಲಿನ ಗೋರಿಕಲ್ಲೊಂದರಲ್ಲಿ ಕಂಡ ಎಲಿಜಬೆತ್ ರೀಡ್ ಎಂಬ ಹೆಸರನ್ನೇ ಗಿಟಾರ್ ವಾದಕ ಡಿಕ್ಕಿ ಬೆಟ್ಸ್ ತಮ್ಮ ಹೆಸರಾಂತ ವಾದ್ಯಕೃತಿಗೆ ಇಟ್ಟರು.

ಆಗ ಅವರ ಕೈಯಲ್ಲಿ ಕಾಸಿರಲಿಲ್ಲ. ಡ್ರಮ್ ಬಾರಿಸುತ್ತಿದ್ದ ಜೈಮೋ ಕರಿಯರು, ಉಳಿದವರು ಉದ್ದ ಕೂದಲಿನ ಬಿಳಿಯರು. ವರ್ಣಭೇದದ ನೆನಪು ಇನ್ನೂ ಹಸಿಯಾಗಿದ್ದ ಊರಲ್ಲಿ ಇಂಥ ತಂಡವೇ ಒಂದು ಅಪರೂಪ. ‘ಎಚ್ ಅಂಡ್ ಎಚ್’ ಊಟದ ಹೋಟೆಲಿನ ಕರಿಯ ಮಹಿಳೆ ಲೂಯೀಸ್ ಹಡ್ಸನ್ ಅವರ ಹಸಿವು ನೋಡಿ ಬಡಿಸಿದರು. ಅಭಿಮಾನಿಗಳಿಗೂ ಆಕೆ ಅಮ್ಮನೇ ಆದರು.

1971ರಲ್ಲಿ ‘ಅಟ್ ಫಿಲ್ಮೋರ್ ಈಸ್ಟ್’ ಧ್ವನಿಮುದ್ರಿಕೆ ಕೀರ್ತಿ ತಂದಿತು. ಅದೇ ಅಕ್ಟೋಬರ್ 29ರಂದು ಡುವೇನ್ ಆಲ್ಮನ್ ಇದೇ ಊರಲ್ಲಿ ಮೋಟಾರ್‌ಸೈಕಲ್ ಅಪಘಾತಕ್ಕೆ ಬಲಿಯಾದರು. ಮರುವರ್ಷ ನವೆಂಬರ್‌ನಲ್ಲಿ, ಅಲ್ಲಿಗೆ ಸಮೀಪದಲ್ಲೇ, ಬೆರಿ ಓಕ್ಲೆ ಅದೇ ರೀತಿ ತೀರಿಕೊಂಡರು. ಇಬ್ಬರಿಗೂ 24 ವರ್ಷ.

ಇಬ್ಬರ ಸಮಾಧಿಯೂ ರೋಸ್ ಹಿಲ್‌ನಲ್ಲೇ. 2017ರಲ್ಲಿ ಡುವೇನ್‌ರ ತಮ್ಮ ಗ್ರೆಗ್ ಕೂಡ ಅಲ್ಲಿಗೇ ಬಂದರು. ಅವರೆಲ್ಲ ಕೂಡಿ ಬಾಳಿದ ವೈನ್‌ವಿಲ್ ಅವೆನ್ಯೂದ ದೊಡ್ಡ ಮನೆ ಈಗ ವಸ್ತುಸಂಗ್ರಹಾಲಯ. ಆದರೆ ಅಭಿಮಾನಿಗಳ ಕಾಲು ಎಳೆಯುವುದು ನದಿಯ ಕಡೆಗೇ. ಅವರ ಪ್ರೀತಿಯಿಂದ ಗೋರಿಗಳನ್ನು ಕಾಪಾಡಲು ಬೇಲಿ ಹಾಕಬೇಕಾಯಿತು.