ಹದಿಮೂರನೆಯ ಕಂಬ

ನಮ್ಮ ಮನೆಯ ಆಲ್ಬಮಿನಲ್ಲಿ ಒಂದು ಕಪ್ಪು-ಬಿಳುಪು ಛಾಯಾಚಿತ್ರವಿದೆ. ತಲೆಗೆ ಮಫ್ಲರ್ ಸುತ್ತಿಕೊಂಡ ಅಪ್ಪ ನದಿಯ ದಂಡೆಯಲ್ಲಿ ನಿಂತಿದ್ದಾರೆ. ಹಿಂದೆ ಕಬ್ಬಿಣದ ರೈಲು ಸೇತುವೆಯ ಒಂದು ತುಂಡು. ಚಿತ್ರದ ಬೆನ್ನಿಗೆ ಪೆನ್ಸಿಲಿನಲ್ಲಿ ‘ಯಮುನಾ, ಡಿಸೆಂಬರ್ 1983’ ಎಂದಷ್ಟೇ ಬರೆದಿದೆ.

ಅದರ ಹಿಂದಿನ ತಿಂಗಳು ಧಾರವಾಡದಲ್ಲಿ ಅಜ್ಜ ತೀರಿಕೊಂಡಿದ್ದರು. ದೆಹಲಿಗೆ ತಂತಿ ತಡವಾಗಿ ತಲುಪಿತು, ರಜೆ ದೊರೆಯಲಿಲ್ಲ, ಅಪ್ಪ ಊರಿಗೆ ಹೋಗಲಿಲ್ಲ. ಮುಂದೊಮ್ಮೆ ಈ ಚಿತ್ರವನ್ನು ಕಂಡ ಕಾಕಾ, “ಪುಲ್ ಮುಂದೆ ನಿಂತು ಫೋಟೊ ತೆಗಿಸಿಕೊಳ್ಳಲಿಕ್ಕೆ ಟೈಮ್ ಸಿಕ್ತು, ಊರಿಗೆ ಬರಲಿಕ್ಕೆ ಸಿಗಲಿಲ್ಲ” ಎಂದರು. ಅಪ್ಪ ಉತ್ತರಿಸಲಿಲ್ಲ. ಆ ಮಾತು ಅವರು ಹೋಗುವವರೆಗೂ ಅಣ್ಣತಮ್ಮಂದಿರ ನಡುವೆ ಉಳಿಯಿತು.

ಅಪ್ಪ ಹೋದ ಮೇಲೆ ನಾವು ಅಕ್ಕತಮ್ಮ ಆ ಚಿತ್ರವನ್ನು ಹಿಡಿದು ದೆಹಲಿಯ ಹಳೆಯ ಯಮುನಾ ಸೇತುವೆಗೆ ಹೋದೆವು. ಪುರಾವೆಯಿಲ್ಲದೆ ಕಡತದಲ್ಲಿ ಒಂದು ಸಾಲನ್ನೂ ಬರೆಯಲಾಗದ ಸರ್ಕಾರಿ ನೌಕರಿ ನಮ್ಮಿಬ್ಬರದು. ಮೇಲೆ ರೈಲು, ಕೆಳಗೆ ರಸ್ತೆ: ಚಿತ್ರದಲ್ಲಿರುವಂತೆಯೇ. ಆದರೂ ಏನೋ ಹೊಂದಲಿಲ್ಲ.

ಹಳೆಯ ಸೇತುವೆಗೆ ಒಂದೇ ವಯಸ್ಸಿರುವುದಿಲ್ಲವೆಂಬುದು ನಮಗೆ ತಿಳಿದದ್ದು ಆಮೇಲೆ. ಈಸ್ಟ್ ಇಂಡಿಯನ್ ರೈಲ್ವೆ 1866ರಲ್ಲಿ ಇಲ್ಲಿ ಹಾಕಿದ್ದು ಒಂಟಿ ಹಳಿ. ಎರಡನೆಯ ಹಳಿ ಸೇರಿದ್ದು 1913ರಲ್ಲಿ. ರೈಲುಗಳ ಭಾರ ಹೆಚ್ಚಿದಂತೆ ಕಬ್ಬಿಣದ ತೊಲೆಗಳನ್ನು ಬದಲಿಸುತ್ತಾರೆ. ನೀರಿನಲ್ಲಿ ನಿಂತ ಕಂಬಗಳು ಮಾತ್ರ ಸಾಮಾನ್ಯವಾಗಿ ಮೊದಲಿನವೇ ಆಗಿರುತ್ತವೆ. ಕಂಬದ ಮೇಲೆ ಸೇತುವೆಯ ಸಂಖ್ಯೆ, ಹರಿವಿನ ದಿಕ್ಕು ತೋರುವ ಬಾಣ, ನೆರೆಯ ಮಟ್ಟದ ಗುರುತು ಬರೆದಿರುವುದುಂಟು. ನಮ್ಮ ಚಿತ್ರದಲ್ಲಿ ಅವೊಂದೂ ಇರಲಿಲ್ಲ. ಆದರೆ ಸೇತುವೆಯನ್ನು ಗುರುತಿಸಲು ತೊಲೆಯನ್ನಲ್ಲ, ಕಂಬವನ್ನು ನೋಡಬೇಕೆಂಬುದು ಮನಸ್ಸಿಗೆ ಬಂತು.

ಭೂತಗನ್ನಡಿ ಹಿಡಿದು ನೋಡಿದೆವು. ಅಪ್ಪನ ಭುಜದ ಹಿಂದಿನ ಕಂಬ ಉಳಿದವುಗಳಂತಿರಲಿಲ್ಲ. ಅದರ ಬುಡ ಒಂದು ಕಡೆಗೆ ಬೂಟಿನ ಮೂತಿಯಂತೆ ಚಾಚಿಕೊಂಡಿತ್ತು.

ಅದೇ ಕಂಪನಿ ಅದೇ ಯಮುನೆಗೆ ಕಟ್ಟಿದ ಇನ್ನೊಂದು ಸೇತುವೆ ಪ್ರಯಾಗದ ನೈನಿಯಲ್ಲಿದೆ. ರೈಲು ಸಂಚಾರಕ್ಕೆ ತೆರೆದದ್ದು 1865ರಲ್ಲಿ. ಅಲ್ಲಿಯೂ ಮೇಲೆ ರೈಲು, ಕೆಳಗೆ ರಸ್ತೆ. ನದಿಯ ಸೆಳೆತಕ್ಕೆ ತಡೆಯಾಗಿ ಅದರ ಹದಿಮೂರನೆಯ ಕಂಬವನ್ನು ಮಾತ್ರ ಬೂಟಿನ ಆಕಾರದಲ್ಲಿ ಕಟ್ಟಿದ್ದಾರೆ. ಫೆಬ್ರುವರಿಯಲ್ಲಿ ನಾವು ಅಲ್ಲಿನ ದಂಡೆಯಲ್ಲಿ ನಿಂತು ಚಿತ್ರವನ್ನು ಎತ್ತಿ ಹಿಡಿದಾಗ ಕಂಬಕ್ಕೆ ಕಂಬ ಕೂಡಿತು. ಅಲ್ಲಿಂದ ಕೆಳಗೆ, ದೋಣಿಯ ಹಾದಿಯಲ್ಲಿ, ತ್ರಿವೇಣಿ ಸಂಗಮ.

ಅಪ್ಪ ಅಲ್ಲಿ ಏನು ಮಾಡಿದರೆಂಬುದನ್ನು ಚಿತ್ರ ಹೇಳುವುದಿಲ್ಲ. ಆದರೆ ತಂದೆಯನ್ನು ಕಳೆದುಕೊಂಡ ಮರುತಿಂಗಳು, ರಜೆಯಿಲ್ಲದ ಮನುಷ್ಯ, ಒಂದು ರಾತ್ರಿಯ ರೈಲು ಹಿಡಿದು ಪ್ರಯಾಗಕ್ಕೆ ಹೋದದ್ದು ಸೇತುವೆ ನೋಡುವುದಕ್ಕಿರಲಾರದು. ಆ ಮಫ್ಲರ್ ಚಳಿಗಷ್ಟೇ ಸುತ್ತಿದ್ದಲ್ಲವೆಂದು ಈಗ ನಮಗೆ ಅನ್ನಿಸುತ್ತದೆ. ಇಷ್ಟನ್ನು ಅಪ್ಪ ಒಂದು ಮಾತಿನಲ್ಲಿ ಹೇಳಬಹುದಿತ್ತು. ಯಾಕೆ ಹೇಳಲಿಲ್ಲವೋ!

ದಂಡೆಯಿಂದಲೇ ಕಾಕಾನಿಗೆ ಫೋನು ಮಾಡಿದೆವು. ಈಗ ಅವರಿಗೆ ಎಂಬತ್ತು ದಾಟಿದೆ. ಎಲ್ಲವನ್ನೂ ಕೇಳಿಸಿಕೊಂಡು ಬಹಳ ಹೊತ್ತು ಸುಮ್ಮನಿದ್ದರು. ನಮ್ಮ ತಲೆಯ ಮೇಲೆ ಒಂದು ಗೂಡ್ಸ್ ರೈಲು ಪೂರ್ತಿ ದಾಟಿ ಹೋಯಿತು.

“ಆ ಕಂಬ ನಾನೂ ಒಮ್ಮೆ ನೋಡಬೇಕಲ್ಲ” ಎಂದರು. “ಥಂಡಿ ಕಡಿಮಿ ಆಗಲಿ, ಬರ್ತೇನಿ. ಟಿಕೀಟು ತೆಗಿಸ್ರಿ.”