ಆ ಲೋಟ ಎಂಥಾದ್ದಿತ್ತು?

ಬರೆಯುವುದು ಒಬ್ಬರೇ ಮಾಡುವ ಕೆಲಸ ಎಂದು ನಾನು ಬಹಳ ವರ್ಷ ನಂಬಿದ್ದೆ. ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ಅಡುಗೆಮನೆಯ ದೀಪ ಹಾಕಿಕೊಂಡು ಕತೆ ಬರೆಯುತ್ತಿದ್ದೆ. ಪತ್ರಿಕೆಗಳಿಗೆ ಕಳಿಸಿದರೆ ಕೆಲವಕ್ಕೆ ವಿಷಾದದ ಎರಡು ಸಾಲು ಬರುತ್ತಿತ್ತು, ಉಳಿದವಕ್ಕೆ ಅದೂ ಇಲ್ಲ. ಗೆಳೆಯರಿಗೆ ಓದಲು ಕೊಟ್ಟರೆ ‘ಮಸ್ತ್ ಐತಿ’ ಎನ್ನುತ್ತಿದ್ದರು. ಅವರು ಎರಡನೇ ಪುಟ ತಿರುವಿಲ್ಲವೆಂದು ಆ ಮಾತಿನಲ್ಲೇ ಗೊತ್ತಾಗುತ್ತಿತ್ತು.

ಧಾರವಾಡದಲ್ಲಿ ಕಲ್ಲು ಒಗೆದರೆ ಅದು ಸಾಹಿತಿಯ ಮನೆಯ ಮೇಲೇ ಬೀಳುತ್ತದೆ ಎಂದು ತಮಾಷೆ ಮಾಡುತ್ತಾರೆ. 1920ರ ದಶಕದಲ್ಲಿ ಬೇಂದ್ರೆಯವರ ಸುತ್ತ ‘ಗೆಳೆಯರ ಗುಂಪು’ ಬೆಳೆದದ್ದು ಇದೇ ಊರಿನಲ್ಲಿ. ಗೋಕಾಕ, ಮುಗಳಿ, ಶಂಬಾ ಜೋಶಿ, ಆನಂದಕಂದ ಎಲ್ಲ ಆ ಗುಂಪಿನವರು. 1933ರಲ್ಲಿ ಜಿ.ಬಿ. ಜೋಶಿಯವರು ಶುರು ಮಾಡಿದ ಮನೋಹರ ಗ್ರಂಥಮಾಲೆಯ ಅಟ್ಟವೂ ಇಲ್ಲಿಯದೇ. ಕನ್ನಡದಲ್ಲಿ ಒಳ್ಳೆಯ ಐತಿಹಾಸಿಕ ನಾಟಕವಿಲ್ಲ ಎಂದು ಕೀರ್ತಿನಾಥ ಕುರ್ತಕೋಟಿಯವರು ಆಡಿದ ಮಾತು ಗಿರೀಶ ಕಾರ್ನಾಡರನ್ನು ‘ತುಘಲಕ್’ ಕಡೆಗೆ ಹೊರಳಿಸಿತು. ಇದನ್ನೆಲ್ಲ ನಾನು ಕಾಲೇಜಿನಲ್ಲಿ ಓದಿ ಪರೀಕ್ಷೆಯಲ್ಲಿ ಬರೆದು ಅಂಕ ಪಡೆದಿದ್ದೆ. ಆದರೆ ಅದು ದೊಡ್ಡವರ ಕತೆ, ನನ್ನಂಥವನಿಗೆ ಅದರಲ್ಲಿ ಏನಿದೆ ಎಂದುಕೊಂಡಿದ್ದೆ.

ಮೂರು ವರ್ಷದ ಹಿಂದೆ ಸಹೋದ್ಯೋಗಿಯೊಬ್ಬರು ಒತ್ತಾಯ ಮಾಡಿ ಒಂದು ಭಾನುವಾರ ಸಂಜೆ ಸಾಧನಕೇರಿಯ ಹತ್ತಿರದ ಒಂದು ಮನೆಗೆ ಕರೆದೊಯ್ದರು. ಪಡಸಾಲೆಯಲ್ಲಿ ಚಾಪೆ ಹಾಸಿತ್ತು. ಏಳೆಂಟು ಜನ. ನಿವೃತ್ತ ಮಾಸ್ತರರೊಬ್ಬರು, ಕೃಷಿ ವಿಶ್ವವಿದ್ಯಾಲಯದಲ್ಲಿ ಓದುವ ಹುಡುಗಿ, ಔಷಧಿ ಅಂಗಡಿಯವರು, ಮನೆಯಲ್ಲೇ ಬಟ್ಟೆ ಹೊಲಿಯುವ ಒಬ್ಬ ಅಕ್ಕ. ಗುಂಪಿಗೆ ಹೆಸರಿರಲಿಲ್ಲ, ಅಧ್ಯಕ್ಷರಿರಲಿಲ್ಲ. ಇದ್ದದ್ದು ಮೂರು ನಿಯಮ. ಬರೆದವರು ತಾವೇ ಗಟ್ಟಿಯಾಗಿ ಓದಬೇಕು. ಉಳಿದವರು ‘ಚಲೋ ಐತಿ’, ‘ಚಲೋ ಇಲ್ಲ’ ಎನ್ನದೆ, ಮನಸ್ಸಿನಲ್ಲಿ ಏನು ಉಳಿಯಿತು, ಎಲ್ಲಿ ಕಣ್ಣು ಕಟ್ಟಿತು ಎಂದಷ್ಟೇ ಹೇಳಬೇಕು. ಅವರು ಮಾತಾಡುವಾಗ ಬರೆದವರು ಬಾಯಿ ಬಿಡುವಂತಿಲ್ಲ.

ನಿಜ ಹೇಳಬೇಕೆಂದರೆ ನಾನು ಹೋದದ್ದು ಹೊಗಳಿಸಿಕೊಳ್ಳಲಿಕ್ಕೆ. ಅದಕ್ಕೇ ನನ್ನ ಅತ್ಯುತ್ತಮ ಕತೆ ಎಂದುಕೊಂಡಿದ್ದನ್ನು ಒಯ್ದಿದ್ದೆ. ಅಪ್ಪನ ಕತೆ. ಅವರ ಸೈಕಲ್ ರಿಪೇರಿ ಅಂಗಡಿ, ಉಗುರಿನ ಸಂದಿಯ ಗ್ರೀಸು, ಪಂಕ್ಚರ್ ಹುಡುಕಲು ನೀರು ತುಂಬಿಟ್ಟ ಹಳೇ ಬೋಗುಣಿ ಎಲ್ಲ ಅದರಲ್ಲಿತ್ತು. ಕೊನೆಗೆ, ಸಾಯುವ ರಾತ್ರಿ, ಮಗ ಪಕ್ಕದಲ್ಲಿ ಕೂತು ಲೋಟ ಎತ್ತಿ ಅಪ್ಪನಿಗೆ ನೀರು ಕುಡಿಸುತ್ತಾನೆ.

ಓದಿ ಮುಗಿಸಿದೆ. ಮಾಸ್ತರರಿಗೆ ಬೋಗುಣಿಯಲ್ಲಿ ಏಳುವ ಗುಳ್ಳೆಗಳು ನೆನಪಿನಲ್ಲಿ ಉಳಿದಿದ್ದವು, ಹುಡುಗಿಗೆ ಗ್ರೀಸಿನ ವಾಸನೆ. ನಾನು ಒಳಗೊಳಗೇ ಉಬ್ಬುತ್ತಿದ್ದೆ. ಹೊಲಿಗೆಯ ಅಕ್ಕ ಮಾತ್ರ ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದರು: “ಅಂಗಡಿ ಪೂರಾ ಕಣ್ಣಿಗೆ ಕಾಣತದ. ಆ ರಾತ್ರಿ ಮಾತ್ರ ನನಗ ಏನೂ ಕಾಣಲಿಲ್ಲ. ನೀರು ಕುಡಿಸಿದ್ನಲ್ಲ, ಆ ಲೋಟ ಎಂಥಾದ್ದಿತ್ತು? ಸ್ಟೀಲಿಂದೋ, ಹಿತ್ತಾಳಿದೋ?”

ನಿಯಮದ ಪ್ರಕಾರ ನಾನು ಉತ್ತರ ಕೊಡುವಂತಿರಲಿಲ್ಲ. ಕೊಡು ಎಂದಿದ್ದರೂ ನನ್ನ ಹತ್ತಿರ ಉತ್ತರವಿರಲಿಲ್ಲ. ಯಾಕೆಂದರೆ ಆ ರಾತ್ರಿ ನಾನು ಅಲ್ಲಿರಲೇ ಇಲ್ಲ. ಬೆಂಗಳೂರಿನಲ್ಲಿದ್ದೆ. ಸಂದರ್ಶನ ಚೆನ್ನಾಗಿ ಆಗಿತ್ತು, ಗೆಳೆಯರ ಜೊತೆ ಊಟಕ್ಕೆ ಕೂತಿದ್ದೆ. ಒಂಬತ್ತು ಗಂಟೆಗೆ ಮನೆಯಿಂದ ಫೋನ್ ಬಂತು. ಹೆಸರು ನೋಡಿ, ಬೆಳಿಗ್ಗೆ ಮಾಡಿದರಾಯಿತು ಎಂದು ಸದ್ದಡಗಿಸಿ ಜೇಬಿಗೆ ಹಾಕಿಕೊಂಡೆ.

ಆ ಭಾನುವಾರ ಮನೆಗೆ ಬಂದವನು ಮತ್ತೆ ಆ ಕಡೆ ಹೋಗಬಾರದು ಎಂದುಕೊಂಡೆ. ಹೊಲಿಗೆಯವರಿಗೆ ಕತೆಯ ಬಗ್ಗೆ ಏನು ಗೊತ್ತು ಎಂದೂ ಅಂದುಕೊಂಡೆ, ಹೇಳಲು ಈಗ ನಾಚಿಕೆಯಾಗುತ್ತದೆ. ಎರಡು ವಾರ ಹೋಗಲಿಲ್ಲ. ಮೂರನೇ ವಾರ ಹೋಗಿ ಸುಮ್ಮನೆ ಕೂತು ಬೇರೆಯವರದನ್ನು ಕೇಳಿದೆ. ಬೇರೆಯವರ ಬರಹದಲ್ಲಿ ಎಲ್ಲಿ ಸುಳ್ಳಿದೆ ಎಂದು ಕಿವಿಗೆ ತಿಳಿಯತೊಡಗಿದ ಮೇಲೆ ನನ್ನದರಲ್ಲಿಯೂ ತಿಳಿಯಿತು. ಗಟ್ಟಿಯಾಗಿ ಓದುವಾಗ ಸುಳ್ಳಿನ ಜಾಗದಲ್ಲಿ ದನಿ ತಾನಾಗಿಯೇ ಓಡುತ್ತದೆ, ಬೇಗ ದಾಟಿಕೊಂಡು ಹೋಗಬೇಕು ಅನ್ನುವ ಹಾಗೆ. ಅಡುಗೆಮನೆಯಲ್ಲಿ ಒಬ್ಬನೇ ಕೂತಾಗ ಇದು ಕೇಳಿಸಿರಲಿಲ್ಲ.

ಕತೆಯ ಕೊನೆಯ ಎರಡು ಪುಟ ಹರಿದು ಹೊಸದಾಗಿ ಬರೆದೆ. ಎರಡು ತಿಂಗಳು ಹಿಡಿಯಿತು. ಲೋಟ ಹೋಯಿತು, ಫೋನ್ ಬಂತು, ನಾನ್ನೂರು ಕಿಲೋಮೀಟರಿನ ಬಸ್ಸು ಬಂತು. ಗುಂಪಿನಲ್ಲಿ ಓದುವ ಮೊದಲು ಅಮ್ಮನಿಗೆ ಓದಬೇಕೆನ್ನಿಸಿತು. ಅಪ್ಪ ಹೋಗಿ ಆರು ವರ್ಷವಾದರೂ ಆ ರಾತ್ರಿಯ ಬಗ್ಗೆ ನಾವಿಬ್ಬರೂ ಒಂದು ಮಾತೂ ಆಡಿರಲಿಲ್ಲ. ಅವಳು ಅವರೆಕಾಯಿ ಸುಲಿಯುತ್ತ ಪೂರ್ತಿ ಕೇಳಿದಳು. ಆಮೇಲೆ ಅಂದಳು: “ನೀರು ಕೇಳಲಿಲ್ಲೋ ಅವರು. ಚಹಾ ಕೇಳಿದ್ರು. ಹಾಲಿದ್ದಿದ್ದಿಲ್ಲ, ಕರೇ ಚಹಾ ಮಾಡಿಕೊಟ್ಟೆ. ಕುಡಿದು, ಸಕ್ಕರಿ ಕಡಿಮಿ ಆತು ಅಂದ್ರು.”

ಫೋನಿನ ವಿಷಯ ಅವಳು ಎತ್ತಲಿಲ್ಲ. ಅವತ್ತು ರಾತ್ರಿ ಇಬ್ಬರೂ ಬಹಳ ಹೊತ್ತು ಅಪ್ಪನ ಬಗ್ಗೆ ಮಾತಾಡಿದೆವು.

ಆ ಕತೆ ಇನ್ನೂ ಎಲ್ಲೂ ಅಚ್ಚಾಗಿಲ್ಲ. ಗುಂಪಿಗೆ ಸೇರಿದರೆ ಹೆಸರು ಬರುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನಮ್ಮಲ್ಲೂ ಕೆಲವು ವಾರ ಬರೀ ಹರಟೆ, ಚುರುಮುರಿ, ಚಹಾದಲ್ಲೇ ಮುಗಿಯುತ್ತದೆ. ಆದರೆ ಭಾನುವಾರ ಬರುತ್ತದೆಂಬ ಕಾರಣಕ್ಕೇ ಗುರುವಾರ ಬರೆಯಲು ಕೂರುತ್ತೇನೆ. ನನ್ನ ಬರಹವನ್ನು ಕೊನೆಯ ಸಾಲಿನವರೆಗೂ ಕೇಳುವ ಏಳು ಜನರಿದ್ದಾರೆ ಎಂಬುದು ಸಣ್ಣ ಮಾತಲ್ಲ.

ನೀವೂ ಒಬ್ಬರೇ ಕೂತು ಬರೆಯುತ್ತಿದ್ದರೆ ನಿಮ್ಮೂರಿನಲ್ಲಿ ಅಂಥ ಗುಂಪಿದೆಯೇ ಎಂದು ಒಮ್ಮೆ ವಿಚಾರಿಸಿ. ಇಲ್ಲದಿದ್ದರೆ ಒಂದು ಚಾಪೆ ಹಾಸಿ ಮೂರು ಜನರನ್ನು ಕರೆಯಿರಿ. ಅವರು ದೊಡ್ಡ ಸಾಹಿತಿಗಳಾಗಿರಬೇಕಿಲ್ಲ. ಲೋಟ ಎಂಥಾದ್ದಿತ್ತು ಎಂದು ಕೇಳುವವರಾಗಿದ್ದರೆ ಸಾಕು.